ಸೇಬಿನ ಹುಳಿ, ಕಡಲೆಯ ಇಬ್ಬನಿ



ಹಾನಗಲ್ಲಿನ ಸಂತೆಯಲ್ಲಿ, ಹಿಮಾಚಲದಿಂದಲೋ ಕಾಶ್ಮೀರದಿಂದಲೋ ಲಾರಿಯೇರಿ ಬಂದು ಸಾಲುಸಾಲಾಗಿ ಕುಳಿತಿರುವ ಸೇಬುಗಳ ಮುಂದೆ ನಿಂತು, "ಸಿಹಿ ಅದಾವೇನ್ರಿ?" ಎಂದು ಕೇಳದೆ ಕೊಂಡುಹೋದ ಗಿರಾಕಿಯನ್ನು ನಾನು ಈವರೆಗೆ ಕಂಡಿಲ್ಲ. "ಸಕ್ಕರಿ ಇದ್ದಂಗ ಅದಾವ್ರಿ" ಎಂಬುದು ಮಾರುವವರ ಉತ್ತರ. ಈ ಮಾತುಕತೆ ಕಿವಿಗೆ ಬಿದ್ದಾಗಲೆಲ್ಲ ನನಗೆ ಒಂದು ಬಗೆಯ ವ್ಯಥೆಯಾಗುತ್ತದೆ. ಏಕೆಂದರೆ ಆ ಹಣ್ಣಿನ ರುಚಿಯ ಅರ್ಧಭಾಗವನ್ನು, ನನ್ನ ಎಣಿಕೆಯಲ್ಲಿ ಶ್ರೇಷ್ಠವಾದ ಅರ್ಧಭಾಗವನ್ನು, ಕೇಳುವವರೂ ಹೇಳುವವರೂ ಕೂಡಿಯೇ ಮರೆತಿರುತ್ತಾರೆ. ಆ ಅರ್ಧಭಾಗವೆಂದರೆ ಹುಳಿ. ಇನ್ನೂ ಒಂದು ಮಾತು: ಶೀತಪ್ರದೇಶದ ಪರ್ವತಗಳಲ್ಲಿ ಹುಟ್ಟಿದ ಸೇಬಿನೊಳಗೆ ಯಾವ ಹುಳಿ ಅಡಗಿದೆಯೋ ಅದೇ ಹುಳಿ, ಒಂದಕ್ಷರವೂ ಭೇದವಿಲ್ಲದ ಅದೇ ದ್ರವ್ಯ, ಶಿಗ್ಗಾಂವಿ ಸವಣೂರುಗಳ ಎರೆಹೊಲದಲ್ಲಿ ನಡೆದುಹೋಗುವ ರೈತನ ಕಾಲಿಗೆ ತಾನಾಗಿಯೇ ತಗಲುತ್ತದೆ. ಆ ನಂಟಿನ ವಿಚಾರವನ್ನೇ ಇಂದು ತಮ್ಮ ಮುಂದೆ ನಿವೇದಿಸಬೇಕೆಂದಿದ್ದೇನೆ.

ನಮ್ಮ ಪೂರ್ವಿಕರು ರಸಗಳನ್ನು ಆರೆಂದು ಎಣಿಸಿ, ಮಧುರದ ಮಗ್ಗುಲಲ್ಲಿಯೇ ಆಮ್ಲವನ್ನು ಕುಳ್ಳಿರಿಸಿದರು. ಚರಕಸಂಹಿತೆಯು ಪೃಥ್ವಿ ಮತ್ತು ಅಗ್ನಿಗಳ ಆಧಿಕ್ಯದಿಂದ ಈ ರಸವು ಹುಟ್ಟುವುದೆಂದು ಹೇಳಿ, ಬಾಯಲ್ಲಿ ನೀರೂರಿಸುವುದು, ಹಲ್ಲು ಜುಮ್ಮೆನಿಸುವುದು, ಬಾಯನ್ನು ಎಚ್ಚರಗೊಳಿಸುವುದು ಮೊದಲಾದ ಲಕ್ಷಣಗಳಿಂದ ಅದನ್ನು ಗುರುತಿಸುತ್ತದೆ. ಈ ವರ್ಣನೆಯು ಎಷ್ಟು ಸಮರ್ಪಕವಾದುದೆಂದರೆ, ಇದನ್ನು ಓದುತ್ತಿರುವಾಗಲೇ ಬಾಯಲ್ಲಿ ನೀರೂರುವುದುಂಟು. ಆದರೆ ಹುಳಿ ಎಂಬುದು ಒಂದೇ ದ್ರವ್ಯವಲ್ಲ, ಅದರೊಳಗೆ ಹಲವು ಕುಲಗಳಿವೆ ಎಂಬುದನ್ನು ಪ್ರಯೋಗಶಾಲೆಯಲ್ಲಿ ಬೇರೆ ಬೇರೆ ಮಾಡಿ ತೋರಿಸಿದ ಯಶಸ್ಸು ಸ್ವೀಡನ್ ದೇಶದ ಒಬ್ಬ ಔಷಧವ್ಯಾಪಾರಿಗೆ ಸಲ್ಲತಕ್ಕದ್ದು. ಆತನ ಹೆಸರು ಕಾರ್ಲ್ ವಿಲ್ಹೆಲ್ಮ್ ಷೀಲೆ. ಮುಂದೆ ಕ್ಯೋಪಿಂಗ್ ಎಂಬ ಸಣ್ಣ ಊರಿನಲ್ಲಿ ಮದ್ದಿನ ಅಂಗಡಿಯಿಟ್ಟುಕೊಂಡು, ವಿಶ್ವವಿದ್ಯಾಲಯದ ಪೀಠವಿಲ್ಲದೆ, ಸಿರಿವಂತರ ಆಶ್ರಯವಿಲ್ಲದೆ, ಮಾಡಿದ ಪ್ರಯೋಗದ ದ್ರವ್ಯಗಳನ್ನು ನಾಲಿಗೆಯಿಂದ ರುಚಿನೋಡುವ ಅಪಾಯಕರವಾದ ಅಭ್ಯಾಸವನ್ನೂ ಬಿಡದೆ ದುಡಿದ ಈ ಮಹನೀಯನು, 1769ರಲ್ಲಿ ದ್ರಾಕ್ಷಾರಸದ ಗಸಿಯಿಂದ ಟಾರ್ಟಾರಿಕ್ ಆಮ್ಲವನ್ನೂ, 1784ರಲ್ಲಿ ನಿಂಬೆಯ ರಸದಿಂದ ಸಿಟ್ರಿಕ್ ಆಮ್ಲವನ್ನೂ ಬೇರ್ಪಡಿಸಿದನು. ನಿಂಬೆಯ ಹುಳಿಯು ಸುಣ್ಣದೊಡನೆ ಕೂಡಿ ತಳಕ್ಕಿಳಿಯುತ್ತಿತ್ತು. ಅದೇ ರೀತಿ ಸೇಬಿನ ರಸವನ್ನು ಪರೀಕ್ಷಿಸಿದಾಗ ಅದರ ಹುಳಿಯು ಸುಣ್ಣದೊಡನೆ ಕೂಡಿಯೂ ನೀರಿನಲ್ಲಿಯೇ ಕರಗಿ ಉಳಿಯಿತು. ಹಾಗಾದರೆ ಇದು ಬೇರೆಯೇ ಆಮ್ಲವೆಂದು ಆತನು 1785ರಲ್ಲಿ ನಿಶ್ಚಯಿಸಿದನು. ಮರುವರ್ಷವೇ, ನಾಲ್ವತ್ತಮೂರನೆಯ ವಯಸ್ಸಿನಲ್ಲಿ, ತೀರಿಕೊಂಡನು. ಸೇಬಿಗೆ ಲ್ಯಾಟಿನ್ ಭಾಷೆಯಲ್ಲಿ ಮಾಲುಮ್ ಎಂದು ಹೆಸರು. ಅದರಿಂದ ಫ್ರಾನ್ಸಿನ ಲಾವಾಸಿಯೇ ಮತ್ತು ಆತನ ಸಂಗಡಿಗರು 1787ರಲ್ಲಿ ಈ ಹೊಸ ದ್ರವ್ಯಕ್ಕೆ ಮ್ಯಾಲಿಕ್ ಆಮ್ಲವೆಂದು ನಾಮಕರಣ ಮಾಡಿದರು.

ಈ ಮ್ಯಾಲಿಕ್ ಆಮ್ಲವೇ ಸೇಬಿನ ಹುಳಿಯ ಬಹುಭಾಗ. ಸಿಟ್ರಿಕ್ ಮೊದಲಾದುವು ಅಲ್ಲಿ ಲೇಶಮಾತ್ರ. ತೂಕದಲ್ಲಿ ನೋಡಿದರೆ ಇದು ಬಹಳವೇನೂ ಅಲ್ಲ. ನೂರು ತೊಲೆ ಸೇಬಿನಲ್ಲಿ ಹತ್ತು ಹನ್ನೆರಡು ತೊಲೆ ಸಕ್ಕರೆಯಿದ್ದರೆ, ಹುಳಿಯು ಅರ್ಧ ತೊಲೆಯ ಆಚೀಚೆ ಇರುವುದು. ಜಾತಿಯನ್ನನುಸರಿಸಿ ಅದಕ್ಕಿಂತ ಕಡಿಮೆಯೂ ಆಗಬಹುದು, ಒಂದು ತೊಲೆಯವರೆಗೆ ಏರಲೂಬಹುದು. ಆದರೂ ಆ ಅರ್ಧ ತೊಲೆಯೇ ಹನ್ನೆರಡು ತೊಲೆಯ ಸಕ್ಕರೆಯನ್ನು ಆಳುತ್ತದೆ. ಹಸಿರು ಬಣ್ಣದ ಗ್ರ್ಯಾನಿ ಸ್ಮಿತ್ ಎಂಬ ಜಾತಿಯನ್ನು ಕಚ್ಚಿದೊಡನೆ ಮುಖ ಕಿವುಚುವುದು ಅದರಲ್ಲಿ ಸಕ್ಕರೆ ಇಲ್ಲವೆಂದಲ್ಲ, ಹುಳಿ ಹೆಚ್ಚೆಂದು. 1916ರಲ್ಲಿ ಸ್ಯಾಮ್ಯುಯಲ್ ಸ್ಟೋಕ್ಸ್ ಎಂಬವರು ಅಮೆರಿಕದಿಂದ ಸಸಿಗಳನ್ನು ತರಿಸಿ ಶಿಮ್ಲಾದ ಬಳಿಯ ಕೋಟಗಢದಲ್ಲಿ ನೆಟ್ಟ, ಇಂದು ನಮ್ಮ ಸಂತೆಗಳಿಗೂ ಹರಡಿರುವ ರೆಡ್ ಡಿಲಿಶಸ್ ಎಂಬ ಕೆಂಪು ಜಾತಿಯು ಸಪ್ಪಗೆ ಸಿಹಿಯಾಗಿ ಕಾಣುವುದು ಅದರಲ್ಲಿ ಸಕ್ಕರೆಯು ತುಂಬಿ ತುಳುಕುತ್ತಿದೆಯೆಂದಲ್ಲ, ಹುಳಿ ಕಡಿಮೆಯೆಂದು. ನಾಲಿಗೆಯು ಎರಡರ ಮೊತ್ತವನ್ನು ಅಳೆಯುವುದಿಲ್ಲ, ಎರಡರ ಪ್ರಮಾಣವನ್ನು ಅಳೆಯುತ್ತದೆ.

ಹುಳಿಯ ಕುಲಭೇದವೂ ನಾಲಿಗೆಗೆ ತಿಳಿಯುತ್ತದೆ. ನಿಂಬೆಯ ಹುಳಿ ಮಿಂಚಿನಂತೆ ಬಂದು ಮಿಂಚಿನಂತೆಯೇ ಹೋಗುವುದು. ಹುಣಸೆಯ ಹುಳಿ ಒರಟಾಗಿ ಗಂಟಲವರೆಗೆ ಇಳಿಯುವುದು. ಮ್ಯಾಲಿಕ್ ಆಮ್ಲವಾದರೋ ನಿಧಾನವಾಗಿ ಏರಿ, ದುಂಡಗಾಗಿ ಹರಡಿ, ನುಂಗಿದ ಮೇಲೂ ಕೆಲವು ಕಾಲ ಬಾಯಲ್ಲಿ ನೆಲೆನಿಲ್ಲುವುದು. ಆಮ್ಲತ್ವಕ್ಕೆ ಮೂಲವು ಆಮ್ಲಜನಕವೆಂದು ಲಾವಾಸಿಯೇ ಭಾವಿಸಿ ಆ ವಾಯುವಿಗೆ ಆ ಹೆಸರನ್ನಿಟ್ಟದ್ದು ತಪ್ಪೆಂದು ಮುಂದೆ ತಿಳಿದುಬಂದಿತು. ಹುಳಿಯ ಮೂಲವು ಜಲಜನಕದ ಅಯಾನುಗಳು. ಆ ಅಯಾನುಗಳು ನಾಲಿಗೆಯ ರುಚಿಕೋಶಗಳೊಳಕ್ಕೆ ಯಾವ ಬಾಗಿಲಿನಿಂದ ಪ್ರವೇಶಿಸುತ್ತವೆಂಬುದು ಬಹುಕಾಲ ಒಗಟಾಗಿಯೇ ಇದ್ದು, 2018-19ರ ಸುಮಾರಿಗೆ ಆಟೋಪೆಟ್ರಿನ್ ಎಂಬ ಸಸಾರಜನಕ ದ್ರವ್ಯವೇ ಆ ದ್ವಾರವೆಂದು ಅಮೆರಿಕದ ಸಂಶೋಧಕರು ತೋರಿಸಿಕೊಟ್ಟರು.

ಇನ್ನು ನಮ್ಮ ಸೀಮೆಗೆ ಬರೋಣ. ಹಾನಗಲ್ಲು ತಾಲೂಕು ಮಲೆನಾಡಿನ ಸೆರಗು. ಭತ್ತ ಮತ್ತು ಮಾವು ಅದರ ಎರಡು ಕಣ್ಣುಗಳು. ಸೇಬಿನ ಗಿಡಕ್ಕೆ ಚಳಿಗಾಲದಲ್ಲಿ ದೀರ್ಘಕಾಲ ಕೊರೆವ ಶೀತದ ನಿದ್ರೆ ಬೇಕು, ಅದಿಲ್ಲದೆ ಅದು ಚೆನ್ನಾಗಿ ಹೂಬಿಡದು. ಆ ಶೀತ ಹಾನಗಲ್ಲಿನಲ್ಲಿ ಎಲ್ಲಿಂದ ಬರಬೇಕು? ಆದರೆ ಸೇಬಿನಲ್ಲಿ ಕಾಣುವ ಹುಳಿಯ ಆಟವೆಲ್ಲವನ್ನೂ ನಮ್ಮ ಆಪೂಸ ಮಾವು ಅದಕ್ಕಿಂತ ದೊಡ್ಡ ರಂಗಸ್ಥಳದಲ್ಲಿ ಆಡಿ ತೋರಿಸುತ್ತದೆ. ಎಳೆಯ ಕಾಯಿಯಲ್ಲಿ ಸಿಟ್ರಿಕ್ ಆಮ್ಲ ಮುಖ್ಯ, ಅದರ ಸಂಗಡ ಮ್ಯಾಲಿಕ್ ಆಮ್ಲ; ಎರಡೂ ಕೂಡಿ ನೂರಕ್ಕೆ ಮೂರರ ಸುಮಾರು ಇರುವುದುಂಟು. ಅದೇ ಕಾಯಿ ಪಕ್ವವಾಗುವಷ್ಟರಲ್ಲಿ ಆ ಮೂರು ಭಾಗ ಅರ್ಧಕ್ಕೂ ಕೆಳಗೆ ಇಳಿದಿರುತ್ತದೆ. ಆ ಹುಳಿಯೆಲ್ಲ ಎಲ್ಲಿಗೆ ಹೋಯಿತು? ಸಕ್ಕರೆಯಾಗಿ ಮಾರ್ಪಟ್ಟಿತೆಂದು ನಮ್ಮ ಜನ ಹೇಳುವುದುಂಟು. ಅದು ಅಷ್ಟಾಗಿ ಸರಿಯಲ್ಲ. ಸಕ್ಕರೆಯು ಬಹುಮಟ್ಟಿಗೆ ಕಾಯಿಯೊಳಗಿನ ಪಿಷ್ಟದಿಂದ ಬರುವುದು. ಹುಳಿಯಾದರೋ ಹಣ್ಣಿನ ಉಸಿರಾಟದಲ್ಲಿ ಉರಿದುಹೋಗುವುದು. ಮರದಿಂದ ಕಿತ್ತ ಹಣ್ಣು ಸತ್ತ ವಸ್ತುವಲ್ಲ, ಅದು ಉಸಿರಾಡುತ್ತಿರುತ್ತದೆ. ಆ ಉಸಿರಿನ ಒಲೆಗೆ ಈ ಆಮ್ಲಗಳೇ ಸೌದೆ. 1937ರಲ್ಲಿ ಹಾನ್ಸ್ ಕ್ರೆಬ್ಸ್ ಎಂಬ ವಿಜ್ಞಾನಿಯು ವಿವರಿಸಿದ, ಪ್ರಾಣಿಗಳಿಗೂ ಸಸ್ಯಗಳಿಗೂ ಸಾಧಾರಣವಾದ ಶಕ್ತಿಚಕ್ರದಲ್ಲಿ ಸಿಟ್ರಿಕ್ ಆಮ್ಲವೂ ಮ್ಯಾಲಿಕ್ ಆಮ್ಲವೂ ಎರಡು ನಿಲುಗಡೆಗಳಾಗಿವೆ. ಇದೀಗ ನನ್ನ ಮಾತನ್ನು ಕೇಳುತ್ತಿರುವ ತಮ್ಮ ದೇಹದಲ್ಲಿಯೂ ಪ್ರತಿಕ್ಷಣ ಅವು ಹುಟ್ಟಿ ಅಳಿಯುತ್ತಿವೆ. ಬೆಚ್ಚನೆಯ ವಾತಾವರಣದಲ್ಲಿ ಈ ಉಸಿರು ತೀವ್ರ, ತಂಪಿನಲ್ಲಿ ಮಂದ. ತಣ್ಣನೆಯ ರಾತ್ರಿಗಳಲ್ಲಿ ಬಲಿತ ಸೇಬು ಹುಳಿಯನ್ನು ಉಳಿಸಿಕೊಳ್ಳುವುದು, ತಿಂಗಳುಗಟ್ಟಲೆ ದಾಸ್ತಾನಿನಲ್ಲಿ ಕುಳಿತ ಸೇಬು ಸಪ್ಪಗಾಗುವುದು, ಎರಡಕ್ಕೂ ಕಾರಣ ಇದೇ.

ಹಾನಗಲ್ಲಿನ ಹಿರಿಯರು ಬಲಿತ ಮಾವಿನಕಾಯನ್ನು ಹಣ್ಣಾಗಲೆಂದು ಭತ್ತದ ಹುಲ್ಲಿನಲ್ಲಿ ಅಡಿ ಹಾಕುತ್ತಿದ್ದರು. ಒಂದೇ ಊರಿನ ಎರಡು ಬೆಳೆಗಳು ಹೀಗೆ ಒಂದರ ಮಡಿಲಲ್ಲಿ ಒಂದು ಮಲಗಿ ಪಕ್ವವಾಗುತ್ತಿದ್ದುದನ್ನು ನೆನೆದರೆ ನನಗೆ ಈಗಲೂ ಹರ್ಷವಾಗುತ್ತದೆ. ಹುಲ್ಲಿನ ಕಾವು ಹಣ್ಣಿನ ಉಸಿರನ್ನು ಸಮವಾಗಿ ನಡೆಸುತ್ತಿತ್ತು. ಹಣ್ಣು ತಾನೇ ಬಿಡುವ ಎಥಿಲೀನ್ ವಾಯುವು ಹೊರಗೆ ಹೋಗದೆ ಉಳಿದು ನೆರೆಯ ಕಾಯಿಗಳನ್ನೂ ಎಬ್ಬಿಸುತ್ತಿತ್ತು. ಬಣ್ಣ, ಪರಿಮಳ, ಸಿಹಿ, ಹುಳಿಯ ಇಳಿತ, ನಾಲ್ಕೂ ಜೊತೆಜೊತೆಯಾಗಿ ಸಾಗುತ್ತಿದ್ದುವು. ಎಳಸಾದ ಕಾಯನ್ನು ಕಿತ್ತು, ಕಾನೂನು ನಿಷೇಧಿಸಿರುವ ಕಾರ್ಬೈಡಿನ ಪುಡಿಯಿಂದ ಎರಡು ದಿನದಲ್ಲಿ ಹಳದಿ ಬರಿಸಿದಾಗ ಸಿಪ್ಪೆ ಮಾತ್ರ ಹಣ್ಣಾಗಿ, ಒಳಗಿನ ಹುಳಿ ಹಾಗೆಯೇ ಉಳಿದಿರುತ್ತದೆ. ಕೊಂಡವನು "ಹಣ್ಣು ಮೋಸ ಮಾಡಿತು" ಎನ್ನುತ್ತಾನೆ. ಹಣ್ಣು ಯಾರಿಗೂ ಮೋಸಮಾಡುವುದಿಲ್ಲ. ಅದಕ್ಕೆ ಉಸಿರಾಡುವಷ್ಟು ಅವಕಾಶವನ್ನು ನಾವು ಕೊಡಲಿಲ್ಲ.

ಮಾವು ತನ್ನ ಹುಳಿಯನ್ನು ಹೀಗೆ ಸುಟ್ಟುಕೊಳ್ಳುವುದಾದರೆ, ಹುಣಸೆ ಹಾಗೇಕೆ ಮಾಡುವುದಿಲ್ಲ? ನಮ್ಮ ಗಾದೆಗಳೇ ಸಾರುವಂತೆ ಹುಣಸೆಯ ಮರಕ್ಕೆ ಮುಪ್ಪು ಬಂದರೂ ಹುಳಿಗೆ ಮುಪ್ಪಿಲ್ಲ. ಹುಣಸೆಯೊಳಗಿನದು ಟಾರ್ಟಾರಿಕ್ ಆಮ್ಲ; ಅದನ್ನು ಉಸಿರಿನ ಒಲೆಗೆ ಹಾಕಿ ಉರಿಸುವ ಸಾಮರ್ಥ್ಯ ಆ ಹಣ್ಣಿಗಿಲ್ಲ. ಆದುದರಿಂದ ಕಾಯಿ ಹಣ್ಣಾದರೂ, ತಿರುಳು ಒಣಗಿ ಕಪ್ಪಾದರೂ, ನೂರಕ್ಕೆ ಹತ್ತರಷ್ಟೋ ಅದಕ್ಕೂ ಮಿಗಿಲಾಗಿಯೋ ಹುಳಿಯು ಹಾಗೆಯೇ ನಿಲ್ಲುತ್ತದೆ. ಆಶ್ಚರ್ಯವೆಂದರೆ ಅದೇ ತಿರುಳಿನಲ್ಲಿ ಸಕ್ಕರೆಯೂ ನೂರಕ್ಕೆ ಮೂವತ್ತು ನಾಲ್ವತ್ತರವರೆಗೆ ಇರುತ್ತದೆ. ಸೇಬಿನ ಮೂರು ಪಾಲು! ಇಷ್ಟು ಸಿಹಿಯನ್ನು ಒಡಲಲ್ಲಿ ಇಟ್ಟುಕೊಂಡೂ ಹುಳಿಯೆಂದೇ ಹೆಸರಾದ ಹಣ್ಣು ಇನ್ನೊಂದಿಲ್ಲ. ನಾಲಿಗೆಯು ಪ್ರಮಾಣವನ್ನು ಅಳೆಯುತ್ತದೆಯೆಂದು ಮೇಲೆ ಹೇಳಿದುದಕ್ಕೆ ಇದಕ್ಕಿಂತ ಬಲವಾದ ಸಾಕ್ಷ್ಯ ಬೇಕಿಲ್ಲ.

ಹುಣಸೆಯ ಮಾತು ಬಂದ ಮೇಲೆ ಸವಣೂರಿಗೆ ಹೋಗದೆ ಇರಲಾಗದು. ನವಾಬರ ಆ ಪಟ್ಟಣದ ದೊಡ್ಡಹುಣಸೆ ಕಲ್ಮಠದ ಆವರಣದಲ್ಲಿ ಆನೆಯ ಮೈಯಂಥ ಬೂದುಬಣ್ಣದ, ಹಲವು ಜನ ಕೈಕೈ ಹಿಡಿದು ಸುತ್ತಬೇಕಾದಷ್ಟು ದಪ್ಪ ಬೊಡ್ಡೆಯ ಮೂರು ವೃಕ್ಷಗಳಿವೆ. ಮಠಕ್ಕೆ ಆ ಹೆಸರು ಬಂದದ್ದೇ ಅವುಗಳಿಂದ. ಜನ ಅವನ್ನು ದೊಡ್ಡ ಹುಣಸೆಯೆನ್ನುವರು. ಸಸ್ಯಶಾಸ್ತ್ರಜ್ಞರು, ಹದಿನೆಂಟನೆಯ ಶತಮಾನದಲ್ಲಿ ಸೆನೆಗಲ್ ದೇಶದಲ್ಲಿ ಈ ಜಾತಿಯನ್ನು ಕಂಡು ವರ್ಣಿಸಿದ ಮಿಶೆಲ್ ಆಡಾನ್ಸನ್ ಎಂಬ ಫ್ರೆಂಚ್ ಪಂಡಿತನ ನೆನಪಿಗಾಗಿ, ಅಡಾನ್ಸೋನಿಯ ಡಿಜಿಟಾಟಾ ಎನ್ನುವರು. ಲೋಕದಲ್ಲಿ ಅದು ಬಾವೋಬಾಬ್ ಎಂದು ಪ್ರಸಿದ್ಧ. ವಂಶವನ್ನು ನೋಡಿದರೆ ಇದು ಹುಣಸೆಗೆ ಏನೂ ಆಗಬೇಕಾದುದಲ್ಲ. ಹುಣಸೆಯು ದ್ವಿದಳಧಾನ್ಯಗಳ ಕುಲದ್ದು, ಅಂದರೆ ನಮ್ಮ ಕಡಲೆಯ ದಾಯಾದಿ. ದೊಡ್ಡ ಹುಣಸೆಯಾದರೋ ಹತ್ತಿಯ ಕುಲದ್ದು, ಹಿರೇಕೆರೂರಿನ ಹೊಲಗಳಲ್ಲಿ ಅರಳುವ ಹತ್ತಿಗೂ ನಾವು ರೊಟ್ಟಿಯೊಡನೆ ತಿನ್ನುವ ಪುಂಡಿಪಲ್ಯೆಗೂ ಹತ್ತಿರದ ಸಂಬಂಧಿ. ಹಾಗಿದ್ದೂ ಜನ ಅದನ್ನು ಹುಣಸೆಯೆಂದು ಕರೆದುದು ಕಣ್ಣನ್ನು ನಂಬಿಯಲ್ಲ, ನಾಲಿಗೆಯನ್ನು ನಂಬಿ. ಅದರ ಸೋರೆಯಂಥ ಕಾಯನ್ನು ಒಡೆದರೆ ಒಳಗೆ ಬೀಜಗಳ ಸುತ್ತ ಹಿಟ್ಟಿನಂತೆ ಒಣಗಿ ಬೆಳ್ಳಗಿರುವ ತಿರುಳು. ಅದನ್ನು ಬಾಯಲ್ಲಿ ಇಟ್ಟೊಡನೆ ಹುಳಿಯು ಚಿಮ್ಮುತ್ತದೆ. ಸಿಟ್ರಿಕ್, ಟಾರ್ಟಾರಿಕ್, ಮ್ಯಾಲಿಕ್ ಮೂರೂ ಅದರಲ್ಲಿವೆ. ಕಿತ್ತಿಳೆಯನ್ನು ಮೀರಿಸುವಷ್ಟು ಆಸ್ಕಾರ್ಬಿಕ್ ಆಮ್ಲವೂ, ಅಂದರೆ ಸಿ ಜೀವಸತ್ತ್ವವೂ, ಇದೆ. ಸೇಬು, ನಿಂಬೆ, ಹುಣಸೆ ಮೂರರ ಹುಳಿಯೂ ಒಂದೇ ಸೋರೆಯೊಳಗೆ ಸೇರಿದಂತೆ ಎಂದರೆ ಅತಿಶಯೋಕ್ತಿಯಾಗದು. ಹುಣಸೆಯೂ ದೊಡ್ಡ ಹುಣಸೆಯೂ ಎರಡೂ ಆಫ್ರಿಕದ ಮೂಲದವು. ಭಾರತದ ಖರ್ಜೂರವೆಂದು ಅರಬರು ಹುಣಸೆಗೆ ಹೆಸರಿಟ್ಟರಾದರೂ ಅದರ ತವರು ಆಚೆಯ ದಡ. 2023ರ ಮಳೆಗಾಲದಲ್ಲಿ ಆ ಮೂರು ವೃಕ್ಷಗಳಲ್ಲಿ ಒಂದು ನೆಲಕ್ಕುರುಳಿದಾಗ, ಬಿದ್ದ ಮರವನ್ನು ಕಡಿದು ಸೌದೆಮಾಡದೆ, ಎತ್ತಿ ಮತ್ತೆ ನೆಟ್ಟರೆಂಬ ಸಂಗತಿಯನ್ನು ನಾನು ಕೃತಜ್ಞತೆಯಿಂದ ನೆನೆಯುತ್ತೇನೆ.

ಈಗ ನನ್ನ ಮಾತಿನ ತಿರುಳಿಗೆ ಬರುತ್ತೇನೆ. ಶಿಗ್ಗಾಂವಿ ತಾಲೂಕಿನ ಒಂದು ಹಳ್ಳಿಯಲ್ಲಿ, ಎರೆಭೂಮಿಯ ಅಂಚಿನಲ್ಲಿ, ನನ್ನ ಬಾಲ್ಯ ಕಳೆಯಿತು. ಹಿಂಗಾರಿಯ ಕಡಲೆ ಮೊಳಕಾಲೆತ್ತರಕ್ಕೆ ಬಂದಾಗ ಬೆಳಗಿನ ಹೊತ್ತು ಹೊಲವನ್ನು ಅಡ್ಡಹಾಯ್ದು ಶಾಲೆಗೆ ಹೋಗುತ್ತಿದ್ದ ನಮಗೆ ಕಾಲು ಉರಿಯುತ್ತಿದ್ದುವು; ಗಾಯವಿದ್ದಲ್ಲಿಯಂತೂ ಉಪ್ಪು ಸವರಿದಂತೆ ಆಗುತ್ತಿತ್ತು. "ಕಡ್ಲಿ ಹುಳಿ ಹತ್ತೈತಿ, ತೊಳಕೋ" ಎಂದು ಅಜ್ಜಿ ಹೇಳುವಳು. ದಿನವೂ ಆ ಹೊಲದಲ್ಲಿ ದುಡಿಯುವವರ ಧೋತರದ ಅಂಚು ಬೇಗನೆ ಜೀರ್ಣವಾಗಿ ಹರಿಯುವುದು ನಮ್ಮ ಕಡೆ ಎಲ್ಲರೂ ಬಲ್ಲ ಸಂಗತಿ. ಕಡಲೆಯ ಎಲೆ, ದಂಟು, ಸುಲಗಾಯಿಯ ಸಿಪ್ಪೆ, ಎಲ್ಲದರ ಮೇಲೂ ಸೂಕ್ಷ್ಮವಾದ ರೋಮಗಳಿವೆ. ಒಂದೊಂದು ರೋಮದ ತುದಿಯಲ್ಲಿ ಒಂದೊಂದು ಗ್ರಂಥಿ. ಆ ಗ್ರಂಥಿಯಿಂದ ಜಿನುಗುವ ಹನಿಯೇ ಈ ಹುಳಿ. ಆ ಹನಿಯಲ್ಲಿ ಇರುವುದೇನೆಂದು ರಸಾಯನಶಾಸ್ತ್ರಜ್ಞರು ಪರೀಕ್ಷಿಸಿ ನೋಡಿದಾಗ ಕಂಡುಬಂದದ್ದು ಮುಖ್ಯವಾಗಿ ಮ್ಯಾಲಿಕ್ ಆಮ್ಲ, ಅದರೊಡನೆ ಆಕ್ಸಾಲಿಕ್ ಆಮ್ಲ. ಷೀಲೆಯು ಸೇಬಿನ ರಸವನ್ನು ಸೋಸಿ, ಕಾಸಿ, ಬಹುಕಷ್ಟದಿಂದ ಪಡೆದ ವಸ್ತುವನ್ನು ನಮ್ಮ ಕಡಲೆಯ ಗಿಡವು ಯಾರೂ ಕೇಳದೆ, ಯಾರೂ ಹಿಂಡದೆ, ಬಯಲಿನಲ್ಲಿ ತನ್ನ ಮೈಮೇಲೆಯೇ ಧರಿಸಿ ನಿಂತಿರುತ್ತದೆ.

ಸೇಬು ಹುಳಿಯನ್ನು ಒಳಗಿಟ್ಟುಕೊಳ್ಳುವುದು, ಕಡಲೆ ಹೊರಗೆ ಉಟ್ಟುಕೊಳ್ಳುವುದು, ಏತಕ್ಕಾಗಿ? ಕಾಯಿಕೊರಕ ಹುಳುವಿಗೆ ಇದು ಹಿಡಿಸದೆಂದು ತೋರುತ್ತದೆ. ಅದರಲ್ಲಿಯೂ ಆಕ್ಸಾಲಿಕ್ ಆಮ್ಲವು ಆ ಹುಳುವಿನ ಬೆಳವಣಿಗೆಯನ್ನು ಕುಂಠಿತಗೊಳಿಸುವುದೆಂದು ಹೈದರಾಬಾದಿನ ಸಮೀಪದ ಪಟಾನ್‌ಚೆರುವಿನ ಸಂಶೋಧನಸಂಸ್ಥೆಯಲ್ಲಿ ಕಂಡುಕೊಂಡಿದ್ದಾರೆ. ನಮ್ಮ ರೈತರು ಇದನ್ನು ಬೇರೆ ಮಾತಿನಲ್ಲಿ ಎಂದಿನಿಂದಲೂ ಬಲ್ಲರು. ಕಡಲೆ ಹೂವಾದಾಗ ಅಕಾಲದ ಮಳೆ ಹೊಡೆದರೆ "ಹುಳಿ ತೊಳೆದು ಹೋತು" ಎಂದು ಅವರು ಹಣೆಗೆ ಕೈಹಚ್ಚುವರು. ಹುಳಿ ತೊಳೆದುಹೋದ ಗಿಡಕ್ಕೆ ಕೀಟವೂ ರೋಗವೂ ಬೇಗ ತಗಲುವುದೆಂಬುದು ಅವರ ಅನುಭವ. ನೆಗಡಿಯಾದ ಮಗುವಿನ ಮೈಮೇಲಿನ ಹೊದಿಕೆ ಜಾರಿತೆಂಬ ಕಳವಳವೇ ಆ ಮಾತಿನಲ್ಲಿರುವುದನ್ನು ನಾನು ಕೇಳಿದ್ದೇನೆ.

ಈ ಹುಳಿಯನ್ನು ಸಂಗ್ರಹಿಸುವ ಕ್ರಮವೂ ಉಂಟು. ಚಳಿಗಾಲದ ಬೆಳುದಿಂಗಳ ಇರುಳಿನಲ್ಲಿ, ಒಗೆದು ಮಡಿಮಾಡಿದ ತೆಳುವಾದ ಹತ್ತಿಯ ಅರಿವೆಯನ್ನು ಕಡಲೆಯ ಗಿಡಗಳ ಮೇಲೆ ಹಾಸಿ ಬರುತ್ತಿದ್ದರು. ರಾತ್ರಿಯೆಲ್ಲ ಬೀಳುವ ಇಬ್ಬನಿಯು ರೋಮಗಳ ತುದಿಯ ಹನಿಗಳನ್ನು ಕರಗಿಸಿಕೊಂಡು ಅರಿವೆಯಲ್ಲಿ ಇಂಗುತ್ತಿತ್ತು. ಸೂರ್ಯನು ಏರುವ ಮೊದಲು ಹೋಗಿ ಅದನ್ನು ಗಾಜಿನ ಅಥವಾ ಪಿಂಗಾಣಿಯ ಪಾತ್ರೆಗೆ ಹಿಂಡಿಕೊಳ್ಳಬೇಕು. ತಾಮ್ರ ಹಿತ್ತಾಳೆಗಳು ಕೂಡದು, ಹುಳಿಯು ಅವನ್ನು ತಿನ್ನುವುದು. ಅನೇಕ ರಾತ್ರಿಗಳ ಹಿಂಡಿಕೆ ಸೇರಿದರೆ ಒಂದು ಸಣ್ಣ ಶೀಸೆ ತುಂಬುವುದು. ಸಂಸ್ಕೃತದ ವೈದ್ಯಗ್ರಂಥಗಳಲ್ಲಿ ಚಣಕಾಮ್ಲವೆಂದು ಕರೆಯಿಸಿಕೊಳ್ಳುವುದು ಇದೇ. ಅಜೀರ್ಣಕ್ಕೆ, ಹೊಟ್ಟೆಯುಬ್ಬರಕ್ಕೆ ನೀರಿನಲ್ಲಿ ಕೆಲವೇ ಹನಿಗಳನ್ನು ಬೆರೆಸಿ ಕೊಡುತ್ತಿದ್ದರು. ಅಜ್ಜಿಯ ಗೂಡಿನಲ್ಲಿ ಅಂಥ ಒಂದು ಶೀಸೆಯಿತ್ತು. ಮದುವೆಯ ಊಟದ ಮರುದಿನ ಅದರ ಬಿರಡೆ ತೆರೆಯುತ್ತಿತ್ತು. ಆಕ್ಸಾಲಿಕ್ ಆಮ್ಲವೂ ಇದರಲ್ಲಿರುವುದರಿಂದ ಮೂತ್ರಪಿಂಡದ ಹರಳಿನಿಂದ ಪೀಡಿತರಾದವರು ಇದರ ಗೊಡವೆಗೆ ಹೋಗಬಾರದೆಂಬುದನ್ನು ಇಲ್ಲಿ ಹೇಳುವುದು ನನ್ನ ಕರ್ತವ್ಯ.

ಔಷಧಕ್ಕಿಂತ ಹೆಚ್ಚಾಗಿ ನಾವು ಈ ಹುಳಿಯನ್ನು ಬಲ್ಲುದು ಅನ್ನವಾಗಿ. ಗಿಡವು ಕವಲೊಡೆಯಲೆಂದು ಎಳೆಯ ಕುಡಿಗಳನ್ನು ಚಿವುಟುವ ಪದ್ಧತಿಯಿದೆಯಷ್ಟೆ. ಹಾಗೆ ಚಿವುಟಿದ ಕಡ್ಲಿಪಲ್ಯೆಯನ್ನು ಹೆಣ್ಣುಮಕ್ಕಳು ಉಡಿಯಲ್ಲಿ ತುಂಬಿಕೊಂಡು ಬರುವರು. ಅದನ್ನು ತೊಳೆಯಬಾರದು, ತೊಳೆದರೆ ರುಚಿಯೇ ಹೋಗುವುದು. ಉಪ್ಪು, ಕೆಂಪು ಖಾರ, ಹೆಚ್ಚಿದ ಉಳ್ಳಾಗಡ್ಡಿ, ಒಂದಿಷ್ಟು ಹಸಿ ಎಣ್ಣೆ. ಬಿಸಿ ಜೋಳದ ರೊಟ್ಟಿ. ಖಾರವು ಉರಿಸುವುದು, ಉಪ್ಪು ತಡೆಯುವುದು, ಹುಳಿಯು ಎರಡನ್ನೂ ಎತ್ತಿಹಿಡಿಯುವುದು. ರಾಗಿಗೂ ಭತ್ತಕ್ಕೂ ವಾದವೇರ್ಪಟ್ಟು ರಾಗಿಯು ಗೆದ್ದ ಕಥೆಯನ್ನು ರಾಮಧಾನ್ಯಚರಿತೆಯಲ್ಲಿ ಹೇಳಿದ ಕನಕದಾಸರ ಊರಾದ ಬಾಡವೂ ಇದೇ ಶಿಗ್ಗಾಂವಿ ತಾಲೂಕಿನಲ್ಲಿದೆ. ಬಡವರ ಧಾನ್ಯದ ಪಕ್ಷವನ್ನು ಹಿಡಿದ ಆ ಮಹಾತ್ಮರ ನೆಲದಲ್ಲಿ ನಿಂತು, ಸಾವಿರ ಮೈಲಿಗೂ ಹೆಚ್ಚು ದಾರಿ ದಾಟಿ ಬಂದ ಸೇಬನ್ನು ಯಾವ ವಿಧದಲ್ಲಿಯೂ ಹಳಿಯದೆ, ಅದರ ಒಡಹುಟ್ಟಿದ ಹುಳಿಯು ನಮ್ಮ ಬದುವಿನಲ್ಲಿಯೇ ಇದೆಯೆಂದು ಹೇಳುವುದಕ್ಕೆ ನನಗೆ ಸಂಕೋಚವಿಲ್ಲ.

ಈ ಸಲ ಎಳ್ಳಮಾವಾಸ್ಯೆಗೆ ಚರಗ ಚೆಲ್ಲಲು ಹೊಲಕ್ಕೆ ಹೋಗುವವರು, ಇಬ್ಬನಿ ಆರುವ ಮುಂಚೆ, ಔಷಧ ಸಿಂಪಡಿಸದ ಹೊಲವೆಂದು ಕೇಳಿ ತಿಳಿದುಕೊಂಡು, ಒಂದು ಕಡಲೆಯ ಗಿಡದ ತುದಿಯನ್ನು ಬೆರಳಿನಿಂದ ಸವರಿ ನಾಲಿಗೆಗೆ ಮುಟ್ಟಿಸಿರಿ. ಮೊದಲು ಚಳಿಯ ತಂಪು, ಬಳಿಕ ಒಂದಿಷ್ಟು ಉಪ್ಪುಪ್ಪಾದ ಚುರುಕು, ಆಮೇಲೆ ನಿಧಾನವಾಗಿ ಏರಿ, ದುಂಡಗಾಗಿ ಹರಡಿ, ಬುತ್ತಿಯ ಗಂಟನ್ನು ಬಿಚ್ಚುವವರೆಗೂ ಬಾಯಲ್ಲಿ ನಿಲ್ಲುವ ಹುಳಿ.